ಕಂಚಕ್ಕನ ದನಿ, ಡಾಕ್ಟರರ ಕಿವಿ

ಸಗಟು ತರಕಾರಿ ಮಾರುಕಟ್ಟೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರ ಬಾಯಲ್ಲೂ ಆಕೆ ಕಂಚಕ್ಕ. ಕಂಚಿನ ಕಂಠ ಎನ್ನುತ್ತಾರಲ್ಲ, ಅದರಿಂದ ಹುಟ್ಟಿದ ಹೆಸರು. ಬೆಳಗಿನ ಹರಾಜಿನಲ್ಲಿ ಮೂಟೆಗಳ ರಾಶಿಯ ಪಕ್ಕ ಮರದ ಪೆಟ್ಟಿಗೆ ಹತ್ತಿ ನಿಂತು ಬೆಲೆ ಕೂಗಿದಳೆಂದರೆ, ತಗಡಿನ ಸೂರಿನ ಆ ತುದಿಯಲ್ಲಿ ಲಾರಿಯಿಂದ ಮಾಲು ಇಳಿಸುತ್ತಿದ್ದವರೂ ತಲೆ ಎತ್ತಿ ನೋಡುತ್ತಿದ್ದರು. ಮೈಕು ಕೊಡಿಸುತ್ತೇವೆಂದು ಮಾರುಕಟ್ಟೆಯ ಸಮಿತಿಯವರು ಒಮ್ಮೆ ಹೇಳಿದ್ದಕ್ಕೆ, “ಪಾಪ, ಆ ಮೈಕಿಗೆ ಯಾಕ್ರೀ ಕಷ್ಟ ಕೊಡ್ತೀರಿ” ಎಂದು ಬಾಯಿ ಮುಚ್ಚಿಸಿದ್ದಳು. ಮನೆಯಲ್ಲೂ ಅಷ್ಟೇ. ಗಂಡ ವಿದ್ಯುತ್ ರಿಪೇರಿ ಕೆಲಸದವನು, ಮಾತು ಕಡಿಮೆ. ಮದುವೆಯಾದಂದಿನಿಂದ ಮಾತಾಡಲು ತನ್ನ ಸರದಿಯೇ ಬಂದಿಲ್ಲ ಎಂದು ಅವನು ಕಂಡವರ ಹತ್ತಿರವೆಲ್ಲ ಹೇಳಿಕೊಂಡು ನಗುತ್ತಿದ್ದ.

ಐವತ್ತರ ಆಸುಪಾಸಿನಲ್ಲಿ ಕಂಚಕ್ಕನ ಕುತ್ತಿಗೆಯ ಎಡಗಡೆ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಗ್ರಂಥಿಯದು, ತೆಗೆಸಿಬಿಡಿ ಎಂದರು ಡಾಕ್ಟರು. ಊರಿನ ದೊಡ್ಡ ಆಸ್ಪತ್ರೆಯ ಸರ್ಜನ್ ಕೈಗುಣಕ್ಕೆ ಹೆಸರಾದವರು. ಅವರೇ ಗ್ರಂಥಿಯ ಎಡಭಾಗವನ್ನು ಕೊಯ್ದು ತೆಗೆದರು. ಗಾಯವೇನೋ ಚೆನ್ನಾಗಿ ಮಾಯಿತು. ಆದರೆ ಎಚ್ಚರವಾದ ಮೇಲೆ ಬಾಯಿಂದ ಹೊರಟ ದನಿ ಅವಳದಾಗಿರಲಿಲ್ಲ. ತುಕ್ಕು ಹಿಡಿದ ಬಾಗಿಲಿನಂತೆ ಕಿರ್ರೆಂದು ಶುರುವಾಗಿ ಅರ್ಧಕ್ಕೇ ಗಾಳಿಯಾಗಿ ಹೋಗುತ್ತಿತ್ತು.

“ಆಪರೇಷನ್ ಹೊತ್ತಲ್ಲಿ ಗಂಟಲಿಗೆ ನಳಿಕೆ ಹಾಕಿರ್ತೀವಮ್ಮ, ಅದು ಉಜ್ಜಿರುತ್ತೆ. ಸರಿಹೋಗುತ್ತೆ,” ಎಂದರು ಸರ್ಜನ್, ಪಕ್ಕದ ಮಂಚದ ಕಡೆ ಹೆಜ್ಜೆ ಹಾಕುತ್ತಲೇ.

ಸರಿಹೋಗಲಿಲ್ಲ. ಹರಾಜಿಗೆ ಮರಳಿದ ಕಂಚಕ್ಕ ಪೆಟ್ಟಿಗೆ ಹತ್ತಿ ಬೆಲೆ ಕೂಗಿದರೆ ಮುಂದಿನ ಸಾಲಿನವರಿಗೂ ಕೇಳಿಸದು. ಒಂದು ಬೆಳಗ್ಗೆ ಈರುಳ್ಳಿ ಸಾಹುಕಾರನಿಗೂ ಆಕೆಗೂ ಇದೇ ವಿಷಯಕ್ಕೆ ಜಟಾಪಟಿಯಾಯಿತು. ಅವನಿಗೂ ಆಕೆಗೂ ಮೊದಲಿನಿಂದಲೇ ಎಣ್ಣೆ ಸೀಗೆಕಾಯಿ. ಅಂದು ಆಕೆ ಹೇಳಿದ ಬೆಲೆ ಕೇಳಿಸದೆ ಅವನು ಸುಮ್ಮನೆ ನಿಂತ, ಅವನು ಕಣ್ಣಿಟ್ಟಿದ್ದ ಮಾಲು ಬೇರೆಯವರ ಪಾಲಾಯಿತು. “ಏನ್ ಕಂಚಕ್ಕ, ಗಂಟಲಲ್ಲಿ ಕಪ್ಪೆ ಕೂತಿದೆಯಾ? ಕೂಗೋಕಾಗದಿದ್ರೆ ಮನೇಲಿರು!” ಎಂದು ಹಾರಾಡಿದ. ಮೊದಲಿನ ಕಂಚಕ್ಕನಾಗಿದ್ದರೆ ನಿಂತಲ್ಲೇ ಅವನ ನೀರಿಳಿಸುತ್ತಿದ್ದಳು. ಅಂದು ಬಾಯಿ ತೆರೆದಳು, ಮುಚ್ಚಿದಳು, ಪೆಟ್ಟಿಗೆಯಿಂದ ಇಳಿದು ನಡೆದುಬಿಟ್ಟಳು. ಅಲ್ಲಿಂದಾಚೆಗೆ ಇಬ್ಬರಿಗೂ ಮಾತಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ತೆಗೆದ ಗಂಟಿನಲ್ಲಿ ಕ್ಯಾನ್ಸರ್ ಇದೆ, ಉಳಿದ ಬಲಭಾಗವನ್ನೂ ತೆಗೆಯಬೇಕು. ಗಂಡ ಔಷಧಿ ತರಲು ಹೋಗಿದ್ದಾಗ ಸರ್ಜನ್ನರ ಕೋಣೆಯಲ್ಲಿ ಆಕೆಯೊಬ್ಬಳೇ ಕೂತಿದ್ದಳು. ಮುಂದಕ್ಕೆ ಬಾಗಿ, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಹೇಳಿದಳು: “ಡಾಕ್ಟ್ರೇ, ಹೋದ ಸಲ ಹೋದ ದನಿ ಇನ್ನೂ ಬಂದಿಲ್ಲ.”

“ಮೊದಲು ಕಾಯಿಲೆ ನೋಡ್ಕೊಳ್ಳೋಣ. ದನಿ ಆಮೇಲೆ.”

ಕ್ಯಾನ್ಸರ್ ಎಂಬ ಮಾತು ಕೇಳಿದವರಿಗೆ ಎದುರು ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು? ಆಕೆ ತಲೆಯಾಡಿಸಿ ಸಹಿ ಹಾಕಿದಳು.

ಎರಡನೇ ಆಪರೇಷನ್ ಮುಗಿದು ಗಂಟಲಿನ ನಳಿಕೆ ತೆಗೆದದ್ದೇ ತಡ, ಕಂಚಕ್ಕನಿಗೆ ಉಸಿರು ಸಿಗಲಿಲ್ಲ. ಎಳೆದಳು. ಎದೆ ಒಳಕ್ಕೆ ಕುಸಿಯಿತು, ಗಾಳಿ ಮಾತ್ರ ಬರಲಿಲ್ಲ. ಗಂಟಲಲ್ಲಿ ಸೀಟಿ ಊದಿದಂತೆ ಸಣ್ಣ ಸದ್ದೊಂದು ಎದ್ದಿತು. ನೆತ್ತಿಯ ಮೇಲಿನ ದೀಪ ಹಳದಿಯಾಯಿತು, ಆಮೇಲೆ ಕಪ್ಪಾಯಿತು. ಯಾರೋ ಓಡಿದರು, ಯಾರೋ ಆಕೆಯ ಕೈಗಳನ್ನು ಮಂಚಕ್ಕೆ ಅದುಮಿ ಹಿಡಿದರು. ನೀರಿನಲ್ಲಿ ಮುಳುಗುವವರಿಗೆ ಮೇಲೆ ಬೆಳಕಾದರೂ ಕಾಣುತ್ತದೆ, ನನಗೆ ಅದೂ ಇರಲಿಲ್ಲ ಎಂದು ಆಮೇಲೆ ಆಕೆ ಗಂಡನಿಗೆ ಹೇಳಿದಳು. ಮತ್ತೆ ಕಣ್ಣು ಬಿಟ್ಟಾಗ ಕುತ್ತಿಗೆಯ ಬುಡದಲ್ಲಿ ರಂಧ್ರ ಕೊರೆದು ಒಂದು ಕೊಳವೆ ಕೂರಿಸಿದ್ದರು. ಉಸಿರು ಅದರ ಮೂಲಕವೇ ಓಡಾಡುತ್ತಿತ್ತು. ಮಾತಾಡಬೇಕೆಂದರೆ ಕೊಳವೆಯ ಬಾಯಿಗೆ ಬೆರಳು ಅಡ್ಡ ಹಿಡಿಯಬೇಕು. ಆಗ ನೂಲಿನೆಳೆಯಷ್ಟು ದನಿ ಬರುತ್ತಿತ್ತು.

“ಇಂಥ ಆಪರೇಷನ್‌ಗಳಲ್ಲಿ ಹೀಗಾಗೋದುಂಟು,” ಎಂದರು ಆಸ್ಪತ್ರೆಯವರು. ಅಷ್ಟೇ. ಬೇರೆ ಏನು ಕೇಳಿದರೂ ಅದೇ ಉತ್ತರ.

ಗಂಡ ಆಕೆಯನ್ನು ಕರೆದುಕೊಂಡು ಹೋದದ್ದು ಒಬ್ಬ ವಕೀಲೆಯ ಬಳಿಗೆ. ಮುದ್ರಣಾಲಯದ ಮೇಲಿನ ಮಹಡಿಯಲ್ಲಿ ಆಕೆಯ ಕಚೇರಿ. ಕೆಳಗೆ ಯಂತ್ರದ ಗಡಗಡ, ಮೇಲೆ ಹಳೆಯ ಫ್ಯಾನಿನ ಕಟಕಟ. ಕಂಚಕ್ಕ ಕೊಳವೆಗೆ ಬೆರಳಿಟ್ಟು ಮಾತು ಶುರುಮಾಡಿದಳು. ವಕೀಲೆ ಎದ್ದು ಹೋಗಿ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಕುರ್ಚಿಯನ್ನು ಆಕೆಯ ಪಕ್ಕಕ್ಕೆ ಎಳೆದುಕೊಂಡು ಕೂತಳು. ಆ ಸೆಕೆಯಲ್ಲಿ ಮೂವರೂ ಬೆವರುತ್ತ ಕೂತು ಕಥೆಯೆಲ್ಲ ಮುಗಿಸಿದರು.

“ಅಮ್ಮ, ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಬೇಜಾರು ಮಾಡ್ಕೋಬೇಡಿ,” ಎಂದಳು ವಕೀಲೆ. “ನಿಮಗೆ ಕೆಟ್ಟದ್ದಾಯ್ತು ಅನ್ನೋದು ಬೇರೆ. ಅವರು ತಪ್ಪು ಮಾಡಿದ್ರು ಅನ್ನೋದು ಬೇರೆ. ಕೋರ್ಟಿಗೆ ಬೇಕಾಗಿರೋದು ಎರಡನೇದು. ಜವಾಬ್ದಾರಿ ಇರೋ ಡಾಕ್ಟರು ಅಂಥ ಹೊತ್ತಲ್ಲಿ ಏನು ಮಾಡ್ತಿದ್ರು, ಇವರು ಅದನ್ನ ಮಾಡಲಿಲ್ಲ, ಮಾಡದೇ ಇದ್ದದ್ದಕ್ಕೇ ನಿಮಗೆ ಹೀಗಾಯ್ತು. ಈ ಮೂರೂ ಕೊಂಡಿ ಕೂಡಬೇಕು. ಒಂದು ಕಳಚಿದ್ರೂ ಕೇಸು ಬಿದ್ದ ಹಾಗೆ. ಅದನ್ನ ಹೇಳೋಕೆ ಇನ್ನೊಬ್ಬ ಸರ್ಜನ್ನೇ ಬರಬೇಕು.”

ಅಲ್ಲಿಂದ ಶುರುವಾಯಿತು ಅಲೆದಾಟ. ಒಬ್ಬ ಸರ್ಜನ್ ಕಾಗದಗಳನ್ನು ನೋಡಿ, ಅನ್ಯಾಯವಾಗಿದೆ ಎಂದು ಲೊಚಗುಟ್ಟಿ, ಸಾಕ್ಷಿಯ ಮಾತು ಬಂದೊಡನೆ ಹಾವು ತುಳಿದವರಂತೆ ಎದ್ದು ನಿಂತರು. ಇನ್ನೊಬ್ಬರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಅದೂ ಸರಿ ಇದೂ ಸರಿ ಎಂದರು. ಮತ್ತೊಬ್ಬರು ಬಾಗಿಲನ್ನೇ ತೆರೆಯಲಿಲ್ಲ. ನಮ್ಮವರ ಮೇಲೆ ನಾವೇ ಬೆರಳು ತೋರಿಸಿದರೆ ನಾಳೆ ನಮ್ಮ ಗತಿ ಏನು ಎನ್ನುವುದು ಎಲ್ಲರ ಮುಖದಲ್ಲೂ ಬರೆದಿತ್ತು. ಕೊನೆಗೆ ಪಕ್ಕದ ಪಟ್ಟಣದಲ್ಲಿದ್ದ ನಿವೃತ್ತ ಸರ್ಜನ್ ಒಬ್ಬರು, ವಯಸ್ಸಾದ ಹೆಂಗಸು, ಬನ್ನಿ ಎಂದರು. ಕಾಗದಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿ ಅವರು ಹೇಳಿದರು:

“ಸ್ವರತಂತುಗಳನ್ನ ಆಡಿಸೋ ನರ ಒಂದಿದೆ, ಕುತ್ತಿಗೆಯ ಆ ಕಡೆ ಒಂದು, ಈ ಕಡೆ ಒಂದು. ಈ ಗ್ರಂಥಿ ತೆಗೆಯುವಾಗ ಅದಕ್ಕೆ ಪೆಟ್ಟಾಗೋದು ಎಂಥ ಒಳ್ಳೆ ಕೈಯಲ್ಲೂ ಆಗುತ್ತೆ. ಅದನ್ನ ನಾನು ತಪ್ಪು ಅನ್ನಲ್ಲ. ಕೋರ್ಟಲ್ಲಿ ಕೇಳಿದ್ರೂ ಹೀಗೇ ಹೇಳ್ತೀನಿ.”

ಗಂಡನ ಮುಖ ಇಳಿದುಹೋಯಿತು.

“ಆದರೆ,” ಎಂದು ನಿವೃತ್ತ ಸರ್ಜನ್ ಕನ್ನಡಕ ತೆಗೆದರು, “ಮೊದಲನೇ ಸಲ ಆದ ಮೇಲೆ ದನಿ ಕೆಟ್ಟಿದ್ರೆ, ಎರಡನೇ ಕಡೆಗೆ ಕೈ ಹಾಕೋಕ್ಕೆ ಮುಂಚೆ ಗಂಟಲೊಳಗೆ ಕ್ಯಾಮೆರಾ ಬಿಟ್ಟು ತಂತು ಆಡ್ತಿದೆಯಾ ಅಂತ ನೋಡ್ಲೇಬೇಕು. ಕಷ್ಟದ ಪರೀಕ್ಷೆ ಏನಲ್ಲ. ಒಂದು ಕಡೆ ಸತ್ತಿದೆ ಅಂತ ಗೊತ್ತಾದ್ರೆ ಇನ್ನೊಂದು ಕಡೆಗೆ ಆತುರ ಮಾಡಲ್ಲ. ಎರಡೂ ಹೋದ್ರೆ ತಂತುಗಳು ದಾರಿಗೆ ಅಡ್ಡ ನಿಂತು ಉಸಿರೇ ಕಟ್ಟುತ್ತೆ ಅಂತ ಓದೋ ಮಕ್ಕಳಿಗೂ ಗೊತ್ತು. ನಿಮ್ಮ ಈ ಕ್ಯಾನ್ಸರ್ ಅಂಥ ಅವಸರದ್ದಲ್ಲ, ಕಾಯಬಹುದಿತ್ತು. ಅಮ್ಮ, ದನಿ ಕೆಟ್ಟಿದೆ ಅಂತ ಅವರಿಗೆ ಹೇಳಿದ್ರಾ?”

“ಹೇಳಿದೆ.”

“ಅದನ್ನ ತೋರಿಸೋಕಾದ್ರೆ ನಾನು ಬರ್ತೀನಿ.”

ತೊಡಕಾದದ್ದು ಅಲ್ಲೇ. ವಕೀಲೆ ಕೇಸು ಹಾಕಿದಾಗ, ಆಪರೇಷನ್ ಮಾಡಿದ್ದ ಸರ್ಜನ್ ಕೋರ್ಟಿಗೆ ಕೊಟ್ಟ ಉತ್ತರದಲ್ಲಿ, ರೋಗಿ ದನಿಯ ಬಗ್ಗೆ ದೂರಿಲ್ಲ, ಎರಡನೇ ಆಪರೇಷನ್ನಿಗೆ ಮೊದಲು ದನಿ ಸರಿಯಾಗಿಯೇ ಇತ್ತು ಎಂದಿದ್ದರು. ಕೋಣೆಯಲ್ಲಿ ಇದ್ದವರು ಇಬ್ಬರೇ. ಆಕೆಯ ಮಾತಿಗೆ ಎದುರಾಗಿ ಅವರ ಮಾತು.

“ನಿಮ್ಮ ದನಿ ಆಗಲೇ ಹೋಗಿತ್ತು ಅಂತ ಹೇಳೋರು ಬೇಕು,” ಎಂದಳು ವಕೀಲೆ. “ನೆಂಟರು ಬೇಡ, ಸ್ನೇಹಿತರು ಬೇಡ. ಬೇಕು ಅಂತಲೇ ಹೇಳ್ತಾರೆ ಅಂದ್ಬಿಡ್ತಾರೆ. ನಿಮ್ಮನ್ನ ಕಂಡ್ರೆ ಆಗದೇ ಇರೋರು ಯಾರಾದ್ರೂ ಇದ್ದಾರಾ?”

ಗಂಡ ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕ. “ಯಾರಾದ್ರೂ ಅಂತ ಕೇಳ್ತೀರಾ ಮೇಡಂ? ಮಾರ್ಕೆಟ್ಟಲ್ಲಿ ಸಾಲಾಗಿ ನಿಂತಿದ್ದಾರೆ.”

ಮರುದಿನ ಗಂಡ ಹೆಂಡತಿ ಈರುಳ್ಳಿ ಸಾಹುಕಾರನ ಮಳಿಗೆಗೆ ಹೋದರು. ಅವನು ಮೂಟೆಗಳ ನಡುವೆ ಕಾಲು ಚಾಚಿ ಕೂತಿದ್ದ. ಆಕೆಯ ಕುತ್ತಿಗೆಯ ಕೊಳವೆ ನೋಡಿದವನೇ ಕಾಲು ಮಡಚಿಕೊಂಡ. ಗಂಡ ವಿಷಯ ಹೇಳಿದ. ಸಾಹುಕಾರ ಈರುಳ್ಳಿಯೊಂದನ್ನು ಕೈಗೆತ್ತಿಕೊಂಡು ಅದರ ಸಿಪ್ಪೆ ಉಜ್ಜುತ್ತ ಕೂತ.

“ಕೋರ್ಟು ಕಚೇರಿ ನನಗಾಗಲ್ಲಪ್ಪ. ನಾಳೆ ನನಗೇ ಹುಷಾರು ತಪ್ಪಿದ್ರೆ ಅದೇ ಆಸ್ಪತ್ರೆಗೆ ಹೋಗ್ಬೇಕು. ಇಷ್ಟಕ್ಕೂ ಈಕೆ ನನಗೇನು ಉಪಕಾರ ಮಾಡಿದ್ದಾಳೆ?”

ಕಂಚಕ್ಕ ಕೊಳವೆಗೆ ಬೆರಳಿಟ್ಟಳು. “ಉಪಕಾರ ಕೇಳೋಕೆ ಬಂದಿಲ್ಲ ಸಾವ್ಕಾರ್ರೇ. ಅವತ್ತು ನನಗೆ ಬೈದ್ರಲ್ಲ, ಅದನ್ನೇ ಅಲ್ಲಿ ಬಂದು ಇನ್ನೊಂದು ಸಲ ಬೈದು ಹೋಗಿ.”

ಅವನು ಕೈಯಲ್ಲಿದ್ದ ಈರುಳ್ಳಿಯನ್ನು ಮೂಟೆಗೆ ಎಸೆದು, ಲೆಕ್ಕದ ಪುಸ್ತಕ ಎಳೆದುಕೊಂಡ.

ವಿಚಾರಣೆ ಮುಂದೂಡುತ್ತ ಹೋಯಿತು. ಅಷ್ಟರಲ್ಲಿ ಚಳಿ ಬಂತು, ಕೊಳವೆಯಲ್ಲಿ ಕಫ ಕಟ್ಟತೊಡಗಿತು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕಫ ಗಟ್ಟಿಯಾಗಿ ಅಡ್ಡ ಕೂತುಬಿಟ್ಟಿತು. ಕಂಚಕ್ಕ ಪಾತ್ರೆಯನ್ನು ನೆಲಕ್ಕೆ ಬಡಿದಳು. ಕೂಗಿ ಕರೆಯಲು ದನಿ ಎಲ್ಲಿತ್ತು? ಗಂಡ ಓಡಿಬಂದು, ಕೊಳವೆಯೊಳಗಿನ ಸಣ್ಣ ಕೊಳವೆ ಎಳೆದು ತೊಳೆದು ಮತ್ತೆ ಕೂರಿಸುವಷ್ಟರಲ್ಲಿ ಆಕೆಯ ತುಟಿ ನೀಲಿಯಾಗಿತ್ತು. ಅವನು ಅಲ್ಲೇ ಗೋಡೆಗೊರಗಿ ಕೂತುಬಿಟ್ಟ.

ಬೇರೊಂದು ಆಸ್ಪತ್ರೆಯ ಗಂಟಲಿನ ಡಾಕ್ಟರು ಮೊದಲೇ ಹೇಳಿದ್ದರು: ಒಂದು ಸ್ವರತಂತುವಿನ ಹಿಂಬದಿಯನ್ನು ಸ್ವಲ್ಪ ಕತ್ತರಿಸಿ ದಾರಿ ಅಗಲ ಮಾಡಿದರೆ ಕೊಳವೆ ತೆಗೆಯಬಹುದು, ಉಸಿರಿಗೆ ತೊಂದರೆ ಇಲ್ಲ. ಆದರೆ ಈಗಿರುವ ದನಿಯೂ ಹೋಗಿ ಪಿಸುಮಾತಷ್ಟೇ ಉಳಿದೀತು.

“ಮಾಡಿಸ್ಕೊಂಡ್ಬಿಡೇ. ಕೇಸು ಹಾಳಾಗಿಹೋಗ್ಲಿ. ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಲಿ ನೋಡೋಕಾಗಲ್ಲ,” ಎಂದ ಗಂಡ.

ಕಂಚಕ್ಕ ತಲೆಯಲ್ಲಾಡಿಸಿದಳು. “ಹೇಳೋದನ್ನ ಹೇಳಿ ಆಗ್ಲಿ ರೀ. ಇರೋ ದನೀಲಿ ನಾನೇ ಹೇಳ್ಬೇಕು. ಆಮೇಲೆ ಏನು ಬೇಕಾದ್ರೂ ಕತ್ತರಿಸ್ಲಿ.”

ಆಕೆಗೆ ಹಟಕ್ಕಿಂತ ಹೆಚ್ಚಾಗಿ ಭಯವಿತ್ತು. ಮತ್ತೆ ಆ ಮೇಜಿನ ಮೇಲೆ ಮಲಗುವ ಭಯ. ಅದನ್ನು ಗಂಡನಿಗೆ ಹೇಳಲಿಲ್ಲ.

ಸಾಕ್ಷಿ ಹೇಳುವ ದಿನ ಬಂತು. ಕಟಕಟೆಯಲ್ಲಿ ಕೂರಲು ಕುರ್ಚಿ ಕೊಟ್ಟರು. ಎದುರು ಪಕ್ಷದ ವಕೀಲರು ನಯವಾದ ಮನುಷ್ಯ, ಗದರುವವರಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

“ದನಿಗೆ ತೊಂದರೆಯಾಗಬಹುದು ಅಂತ ಆಪರೇಷನ್ನಿಗೆ ಮೊದಲು ನಿಮಗೆ ತಿಳಿಸಿದ್ದರು. ಹೌದೋ ಅಲ್ಲವೋ?”

“ಹೌದು.”

“ಒಪ್ಪಿ ಸಹಿ ಹಾಕಿದಿರಿ?”

“ಹಾಕಿದೆ.”

“ಹಾಗಾದರೆ ಈಗ ದೂರು ಯಾತಕ್ಕಮ್ಮ?”

ಕಂಚಕ್ಕ ಬೆರಳು ತೆಗೆದು ಉಸಿರು ಎಳೆದುಕೊಂಡಳು. ಕೊಳವೆ ಸುಯ್ಯೆಂದಿತು. ಮತ್ತೆ ಬೆರಳಿಟ್ಟಳು.

“ಅಪಾಯ ಬರಬಹುದು ಅಂದ್ರು, ಒಪ್ಪಿದೆ. ಅಪಾಯ ಬಂದಿದೆ ಸ್ವಾಮಿ ಅಂತ ನಾನು ಹೇಳಿದಾಗ ಕೇಳಿಸ್ಕೋಬೇಡಿ ಅಂತ ಒಪ್ಪಿರಲಿಲ್ಲ.”

“ನೀವು ಹಾಗೆ ಹೇಳಿದ್ದಕ್ಕೆ ಸಾಕ್ಷಿ?”

ಉತ್ತರ ಹೇಳಹೊರಟವಳಿಗೆ ಕೆಮ್ಮು ಒತ್ತರಿಸಿತು. ಕೊಳವೆಯಿಂದ ಕಫ ಚಿಮ್ಮಿ ಸೀರೆಯ ಸೆರಗಿಗೆ ಬಿತ್ತು. ಕೂತವರೆಲ್ಲ ಮುಖ ತಿರುಗಿಸಿದರು. ಗಂಡ ಎದ್ದು ನಿಂತಿದ್ದ. ಜಡ್ಜು, ಬೇಕಾದರೆ ನಿಲ್ಲಿಸೋಣ ಎಂದರು. ಆಕೆ ಬೇಡವೆಂದು ಕೈಯಾಡಿಸಿ, ಬಟ್ಟೆಯಿಂದ ಒರೆಸಿಕೊಂಡು, ಕಣ್ಣಲ್ಲಿ ನೀರಿದ್ದಂತೆಯೇ ಹೇಳಿದಳು: “ಡಾಕ್ಟ್ರೇ ಸಾಕ್ಷಿ. ನಾವಿಬ್ಬರೇ ಇದ್ದದ್ದು.”

ಎದುರು ವಕೀಲರು, ಇಷ್ಟು ಸಾಕು ಎಂಬಂತೆ ಜಡ್ಜಿಗೆ ತಲೆಬಾಗಿ ಕೂತರು. ಕಂಚಕ್ಕನಿಗೆ ಇದ್ದ ಒಂದೇ ಬಾಣವನ್ನು ಗಾಳಿಗೆ ಬಿಟ್ಟಂತಾಯಿತು.

ನಿವೃತ್ತ ಸರ್ಜನ್ ಬಂದು ತಾವು ಹೇಳಿದಂತೆಯೇ ಹೇಳಿದರು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ದನಿ ಕೆಟ್ಟಿದ್ದರೆ ಪರೀಕ್ಷೆ ಮಾಡಲೇಬೇಕಿತ್ತು. ಕೆಟ್ಟಿರದಿದ್ದರೆ ಎಂದು ಎದುರು ವಕೀಲರು ಕೇಳಿದರು. “ಆಗ ನಾನು ಅವರನ್ನ ತಪ್ಪಿತಸ್ಥರು ಅನ್ನಲಾರೆ.” ಎಲ್ಲವೂ ಆ ‘ಕೆಟ್ಟಿದ್ದರೆ’ಯ ಮೇಲೆ ನಿಂತಿತು.

ಸಾಹುಕಾರನನ್ನು ಕೂಗಿದರು. ಉತ್ತರವಿಲ್ಲ. ಮತ್ತೆ ಕೂಗಿದರು. ವಕೀಲೆ ಬಾಗಿಲ ಕಡೆ ನೋಡಿದಳು. ಜಡ್ಜು ಗಡಿಯಾರ ನೋಡಿದರು. ಇನ್ನೇನು ಮುಂದಕ್ಕೆ ಹೋಗಬೇಕು, ಅಷ್ಟರಲ್ಲಿ ಹೊರಗಿನ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ಇಸ್ತ್ರಿ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು ಸಾಹುಕಾರ ಬಂದಿದ್ದ.

ಅವನು ಕಟಕಟೆ ಹತ್ತಿದವನೇ ಆಕೆಯತ್ತ ತಿರುಗಿ ಶುರುಮಾಡಿದ. “ಅವತ್ತು ಎಂಥ ಮಾಲು ಅಂತೀರಿ, ಈಕೆಯಿಂದ ಕೈತಪ್ಪಿ ಹೋಯ್ತು! ಕೂಗಿದ್ರೆ ಊರಿಗೇ ಕೇಳ್ಸೋ ಹೆಂಗಸು, ಮೂಟೆ ಪಕ್ಕ ನಿಂತಿದ್ದ ನನಗೇ ಕೇಳ್ಸಲಿಲ್ಲ. ಗಂಟಲಲ್ಲಿ ಕಪ್ಪೆ ಕೂತಿದೆಯಾ ಅಂತ ನಾನೇ ಬೈದೆ.”

“ಅದು ಎರಡನೇ ಆಪರೇಷನ್ನಿಗೆ ಮುಂಚೆಯೋ, ಆಮೇಲೋ?” ವಕೀಲೆ ಕೇಳಿದಳು.

“ಮುಂಚೆ. ಆಮೇಲೆ ಈಕೆ ಹರಾಜಿಗೇ ಬರಲಿಲ್ಲವಲ್ಲ.”

ಎದುರು ವಕೀಲರು ಎದ್ದರು. “ಒಂದೇ ಮಾರುಕಟ್ಟೆಯವರು. ಪಾಪ ಅಂತ ಸಹಾಯಕ್ಕೆ ಬಂದಿದ್ದೀರಿ.”

“ಸಹಾಯಾನಾ? ಯಾರಿಗೆ, ಇವಳಿಗಾ?” ಸಾಹುಕಾರನ ಮುಖ ಕೆಂಪಾಯಿತು. “ಸ್ವಾಮಿ, ಈಕೆ ಬಾಯಿಗೆ ಸಿಕ್ಕಿ ನಾನು ಪಟ್ಟ ಪಾಡು ನಿಮಗೇನು ಗೊತ್ತು? ಇಡೀ ಮಾರ್ಕೆಟ್ಟಿನ ಎದುರು ನನ್ನನ್ನ ಕೊಳೆತ ಗೆಡ್ಡೆ ಅಂದಿದ್ದಾಳೆ!”

ಕೋರ್ಟಿನಲ್ಲಿ ನಗೆ ಎದ್ದಿತು. ಜಡ್ಜೂ ಬಾಯಿಗೆ ಕೈ ಅಡ್ಡ ಹಿಡಿದರು. ಸಾಹುಕಾರ ಮಾತ್ರ ನಗಲಿಲ್ಲ. ದನಿ ತಗ್ಗಿಸಿ ಹೇಳಿದ: “ಬೈದಾಗ ಈಕೆ ತಿರುಗಿ ಬೈಲಿಲ್ಲ. ಸುಮ್ಮನೆ ಹೋದ್ಲು. ಅವತ್ತೇ ನನಗೆ ಏನೋ ಆಗಿದೆ ಅನ್ನಿಸ್ತು. ಅದೊಂದು ದನಿ ಕೆಟ್ಟಿದೆ ಅಂತ ಗೊತ್ತಾಗೋಕೆ ಡಾಕ್ಟರೇ ಆಗ್ಬೇಕಾಗಿಲ್ಲ, ಕಿವಿ ಇದ್ರೆ ಸಾಕು.”

ಕೊನೆಗೆ ಸರ್ಜನ್ ಬಂದರು. ಕಂಚಕ್ಕ ಅವರನ್ನು ಆಪರೇಷನ್ ಆದ ಮೇಲೆ ಕಂಡಿರಲಿಲ್ಲ. ಸೊರಗಿದ್ದರು. ಯಾವುದನ್ನೂ ಮರೆಮಾಚುವವರಂತೆ ಕಾಣಲಿಲ್ಲ, ದಣಿದವರಂತೆ ಕಂಡರು. ತಾವು ರೋಗಿಗೆ ಎಲ್ಲವನ್ನೂ ವಿವರಿಸಿದ್ದಾಗಿ, ಒತ್ತಾಯ ಮಾಡಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ವಕೀಲೆ ಪಾಟೀಸವಾಲಿಗೆ ಎದ್ದಳು. ದನಿ ಏರಿಸಲಿಲ್ಲ.

“ಎರಡನೇ ಆಪರೇಷನ್ನಿಗೆ ಮುಂಚೆ ಇವರ ಜೊತೆ ಚೆನ್ನಾಗಿ ಮಾತಾಡಿದಿರಿ?”

“ಬಹಳ ಹೊತ್ತು. ಅವಸರ ಮಾಡಲಿಲ್ಲ.”

“ಬರೀ ನೀವೇ ಮಾತಾಡಿದಿರೋ, ಇವರೂ ಮಾತಾಡಿದರೋ?”

“ಅವರೂ. ಬೇಕಾದಷ್ಟು ಪ್ರಶ್ನೆ ಕೇಳಿದರು. ಅರ್ಥಮಾಡಿಕೊಂಡೇ ಒಪ್ಪಿದರು.”

“ಅಂದರೆ ಇವರ ದನಿ ನಿಮಗೆ ಕೇಳಿಸಿತ್ತು.”

ಎದುರು ವಕೀಲರ ಕೈಯಲ್ಲಿದ್ದ ಪೆನ್ನು ನಿಂತಿತು. ಸರ್ಜನ್ ಅವರತ್ತ ಒಮ್ಮೆ ನೋಡಿದರು.

“ಕೇಳಿಸಿತ್ತು.”

“ಈರುಳ್ಳಿ ವ್ಯಾಪಾರಿಗೆ ಗೊತ್ತಾದದ್ದು ಆ ಕೋಣೆಯಲ್ಲಿ ನಿಮಗೆ ಗೊತ್ತಾಗಲಿಲ್ಲವೇ?”

“ಸ್ವಲ್ಪ... ಒರಟಾಗಿತ್ತು ಅಂತ ಕಾಣುತ್ತೆ. ನಳಿಕೆಯಿಂದ ಆದದ್ದು ಅಂದುಕೊಂಡೆ.”

“ತಂತು ಆಡುತ್ತಿದೆಯಾ ಅಂತ ನೋಡಿದಿರಾ?”

“ಇಲ್ಲ.”

“ನೋಡಿ, ಒಂದು ಕಡೆ ನಿಂತುಹೋಗಿದೆ ಅಂತ ಕಂಡಿದ್ದರೆ, ಆ ದಿನ ಆಪರೇಷನ್ ಮಾಡುತ್ತಿದ್ದಿರಾ?”

ಎದುರು ವಕೀಲರು ಏನೋ ಆಕ್ಷೇಪವೆತ್ತಲು ಹೊರಟರು. ಸರ್ಜನ್ ಅವರತ್ತ ನೋಡದೆ, ಕಂಚಕ್ಕನ ಕುತ್ತಿಗೆಯತ್ತ ನೋಡುತ್ತ, “ಮಾಡುತ್ತಿರಲಿಲ್ಲ” ಎಂದರು.

ತೀರ್ಪು ಬರಲು ಮತ್ತೆ ಕಾಯಬೇಕಾಯಿತು. ಬಂದಾಗ, ಮೊದಲ ಸಲ ನರಕ್ಕೆ ಪೆಟ್ಟಾದದ್ದು ತಪ್ಪಲ್ಲ ಎಂದಿತು. ಕೆಟ್ಟ ದನಿ ಕಿವಿಗೆ ಬಿದ್ದ ಮೇಲೂ ಪರೀಕ್ಷಿಸದೆ ಎರಡನೇ ಕಡೆಗೆ ಕೈ ಹಾಕಿದ್ದು ನಿರ್ಲಕ್ಷ್ಯ, ಆಸ್ಪತ್ರೆ ಪರಿಹಾರ ಕೊಡಬೇಕು ಎಂದಿತು. ಮೇಲಿನ ಕೋರ್ಟಿಗೆ ಹೋಗುತ್ತೇವೆಂದಿದ್ದ ಆಸ್ಪತ್ರೆಯವರು ಹೋಗಲಿಲ್ಲ. ಗೆದ್ದೆವೆಂದು ಕುಣಿಯುವಂಥದ್ದೇನೂ ಕಂಚಕ್ಕನಿಗೆ ಅನ್ನಿಸಲಿಲ್ಲ. ಆದರೆ ತಾನು ಹೇಳಿದ್ದು ಸುಳ್ಳಲ್ಲ ಎಂದು ಒಬ್ಬರು ಬಾಯಿಬಿಟ್ಟು ಹೇಳಿದರಲ್ಲ, ಅಂದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅಳುವಾಗಲೂ ಕೊಳವೆಯಿಂದ ಗಾಳಿಯಷ್ಟೇ ಬಂತು.

ಆಮೇಲೆ ಆ ಗಂಟಲಿನ ಡಾಕ್ಟರ ಬಳಿ ಹೋದಳು. ಆಪರೇಷನ್ ಕೋಣೆಯ ಬಾಗಿಲಲ್ಲಿ ಕಾಲು ಮುಂದೆ ಬರಲಿಲ್ಲ. ಡಾಕ್ಟರು ಹೊರಗೇ ಬಂದು ಪಕ್ಕದ ಬೆಂಚಿನಲ್ಲಿ ಕೂತರು. “ಇನ್ನೇನಾದ್ರೂ ಕೇಳೋದಿದ್ಯಾ ಅಕ್ಕ? ಕೇಳಿ, ಅರ್ಜೆಂಟಿಲ್ಲ.” ಕಂಚಕ್ಕ ಕೇಳಿದಳು. ಅದದನ್ನೇ ತಿರುಗಿಸಿ ತಿರುಗಿಸಿ ಕೇಳಿದಳು. ಅವರು ಪ್ರತಿ ಸಲವೂ ಹೇಳಿದರು. ಕೊನೆಗೆ ಆಕೆಯೇ ಎದ್ದು, ನಡೀರಿ ಎಂದು ಒಳಗೆ ಹೋದಳು.

ಕೊಳವೆ ಹೋಯಿತು, ದನಿ ಪಿಸುಮಾತಾಯಿತು. ಹರಾಜು ಕೂಗುವ ಕೆಲಸ ಇನ್ನು ಸಾಧ್ಯವಿರಲಿಲ್ಲ. ಬಂದ ಮಾಲಿನ ಗುಣ ನೋಡಿ ಬೇರೆ ಬೇರೆ ಮಾಡಿಸುವ ಕೆಲಸವನ್ನು ಸಮಿತಿಯವರು ಕೊಟ್ಟರು. ಕುತ್ತಿಗೆಯ ರಂಧ್ರ ಮುಚ್ಚಿಕೊಂಡ ಮೇಲೆ ಮೊದಲ ಸಲ ಮಾರುಕಟ್ಟೆಯ ಬಾಗಿಲು ದಾಟಿದವಳು ಥಟ್ಟನೆ ನಿಂತುಬಿಟ್ಟಳು.

“ಏನಾಯ್ತೇ?” ಗಂಡ ಗಾಬರಿಯಾಗಿ ತೋಳು ಹಿಡಿದ.

ಉಸಿರೆಲ್ಲ ಕೊಳವೆಯಲ್ಲೇ ಓಡಾಡುತ್ತಿದ್ದಷ್ಟು ಕಾಲ ಆಕೆಯ ಮೂಗಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಈಗ ತುಳಿದ ಕೊತ್ತಂಬರಿ, ಒದ್ದೆ ಗೋಣಿ, ಕೊಳೆತ ಕೋಸಿನ ಎಲೆ, ಲಾರಿಯ ಡೀಸೆಲು, ಎಲ್ಲವೂ ಒಟ್ಟಿಗೆ ಒಳಗೆ ನುಗ್ಗಿದವು. ಕಂಚಕ್ಕ ಕಣ್ಣು ಮುಚ್ಚಿ, ಮೂಗಿನಿಂದ ನಿಧಾನವಾಗಿ ಉಸಿರು ಎಳೆದಳು. ಗಂಡ ಅವಳ ಬಾಯಿಯ ಹತ್ತಿರಕ್ಕೆ ಕಿವಿ ತಂದ.

“ನಾರ್ತಿದೆ ರೀ,” ಎಂದಳು ಪಿಸುದನಿಯಲ್ಲಿ. “ಇನ್ನೊಂದ್ ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ.”